ಮೈನಸ್ ಒಂಬತ್ತು

ಕಲ್ಯಾಣದುರ್ಗ
6-7-1987

ಸೌಭಾಗ್ಯವತಿ ಬನಶಂಕರಿಗೆ ವೆಂಕಟರಾಯಪ್ಪನ ಆಶೀರ್ವಾದಗಳು.

ಕವರಿನ ಮೇಲಿನ ಅಕ್ಷರ ನೋಡಿ ಯಾರೋ ಎಂದುಕೊಂಡಿರುತ್ತೀಯ. ನನ್ನದೇ. ಬಲಗೈ ಮೊದಲಿನಂತಿಲ್ಲ. ಎಂಟು ವರ್ಷ ಒಂದು ಸಾಲು ಬರೆಯದ ಗಂಡ ಈಗ ಬರೆಯುತ್ತಿರುವುದು ನಿನ್ನನ್ನು ವಾಪಸು ಕರೆಯುವುದಕ್ಕಲ್ಲ. ಆ ಹೆದರಿಕೆ ಬೇಡ. ಒಂದು ಪಾಠದ ವಿಷಯ ಕೇಳಬೇಕಾಗಿದೆ.

ಶಿವರಾತ್ರಿ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಿದ್ದೆ. ಬೆಳುಗುಪ್ಪದ ಬಸ್ಸಿಗೆ ಕಾಯುತ್ತಿದ್ದವನು ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ. ಲಕ್ವ ಎಂದರು. ಬಾಯಿ ಸೊಟ್ಟಗಾಗಿತ್ತು, ಸರಿಹೋಯಿತು. ಮಾತು ಹೋಗಿತ್ತು, ಬಂತು. ಮನೆ ಬಾಡಿಗೆಗೆ ಕೊಟ್ಟಿರುವ ನರಸಕ್ಕ ಗಂಜಿ ಕಾಯಿಸಿ ಕೊಟ್ಟು ಉಳಿಸಿಕೊಂಡಳು. ಬಟ್ಟೆ ಹೊಲಿಯುವ ಹೆಂಗಸು, ಗಂಡ ಇಲ್ಲ, ಬಾಯಿ ಜೋರು. ಬೇಸಗೆ ರಜೆಯಲ್ಲಿ ಸುಧಾರಿಸಿಕೊಂಡು ಜೂನಿನಲ್ಲಿ ಸ್ಕೂಲಿಗೆ ಹೋದೆ. ಎಲ್ಲ ಮೊದಲಿನಂತೆಯೇ ಎಂದುಕೊಂಡಿದ್ದೆ.

ಹೋದ ವಾರ ಏಳನೇ ಕ್ಲಾಸಿಗೆ ಬೀಜೋಕ್ತಿಯ ಬೆಲೆ ಕಂಡುಹಿಡಿಯುವ ಪಾಠ ಶುರು ಮಾಡಿದೆ. ಆ ಪಾಠವನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ, ನಿನಗೆ ಗೊತ್ತು. ಬೋರ್ಡಿನ ಮೇಲೆ 5x ಎಂದು ಬರೆದೆ. ಪಕ್ಕದಲ್ಲಿ x = 3 ಎಂದು ಬರೆದೆ. ಆಮೇಲೆ ಎಕ್ಸನ್ನು ಒರೆಸಿ, ಅದೇ ಜಾಗದಲ್ಲಿ 3 ಬರೆದು, ಐವತ್ಮೂರು ಎಂದೆ.

ಯಾರೂ ನಗಲಿಲ್ಲ. ಎಲ್ಲರೂ ತಲೆ ಬಗ್ಗಿಸಿ 53 ಎಂದು ಬರೆದುಕೊಂಡರು. ಇದೇ ತಪ್ಪಿಗೆ ನನ್ನ ಬೆತ್ತದಿಂದ ಎಷ್ಟು ಅಂಗೈಗಳು ಕೆಂಪಾಗಿವೆಯೋ ಅದೂ ನಿನಗೆ ಗೊತ್ತು. ಬೆಲ್ ಹೊಡೆದ ಮೇಲೆ ಪೋಲಮ್ಮ ಎಂಬ ಹುಡುಗಿ ಬಾಗಿಲ ಹತ್ತಿರ ನಿಂತಳು. ಕಂಬದೂರು ಕಡೆಯ ಕುರಿ ಸಾಕುವವರ ಮಗಳು. "ಸಾ, ನಾನು ಹೋದೊರ್ಸ ಫೇಲಾಗಿ ಮತ್ತೆ ಇಲ್ಲೇ ಕೂತಿವ್ನಿ ಸಾ. ಆವಾಗ ನೀವು ಇದೇ ಲೆಕ್ಕಕ್ಕೆ ಹದಿನೈದು ಅಂದಿದ್ರಿ" ಎಂದಳು.

ಅವಳು ಹೇಳಿದ ಮೇಲೂ ಹದಿನೈದು ಹೇಗೆಂದು ನನಗೆ ಹೊಳೆಯಲಿಲ್ಲ ಬನಶಂಕರಿ. ಐದು ಗೊತ್ತು, ಮೂರು ಗೊತ್ತು. ಎರಡರ ನಡುವೆ ಏನೋ ಇತ್ತಲ್ಲ, ಅದು ಹೋಗಿದೆ.

ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ. ಹೆಡ್‌ಮಾಸ್ಟರ್ ಕದಿರಪ್ಪ ಒಳ್ಳೆಯವನೇ, ಆದರೆ ಪುಕ್ಕಲ. ಆಗಸ್ಟ್ ಕೊನೆಗೆ ಇನ್‌ಸ್ಪೆಕ್ಷನ್ ಇದೆ. ಗೊತ್ತಾದರೆ ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಕೂತು ನಾನೇನು ಮಾಡಲಿ? ನಿನ್ನ ಕ್ಲಾಸಿನ ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀಯೋ ಹಾಗೆ ಬರೆದು ಕಳಿಸು. ದೊಡ್ಡವರಿಗೆ ಹೇಳುವ ಹಾಗೆ ಬೇಡ.

ಇಂತಿ,
ವೆಂಕಟರಾಯಪ್ಪ

ಮತ್ತೆ: ನಿಮ್ಮ ಅಣ್ಣನಿಗೆ ಹೇಳಬೇಡ.


ಹಿಂದೂಪುರ
11-7-1987

ಮೇಷ್ಟ್ರಿಗೆ ಬನಶಂಕರಮ್ಮ ಮಾಡುವ ನಮಸ್ಕಾರಗಳು.

ಲಕ್ವ ಹೊಡೆದ ವಿಷಯವನ್ನು ಇಷ್ಟು ತಿಂಗಳಾದ ಮೇಲೆ, ಅದೂ ಒಂದು ಲೆಕ್ಕಕ್ಕೆ ಪೀಠಿಕೆಯಾಗಿ ತಿಳಿಸಿದಿರಿ. ಸಿಟ್ಟು ಬಂತು. ಸಿಟ್ಟಾಗಲು ನಾನು ಯಾರು ಎಂದೂ ಅನ್ನಿಸಿತು. ಇರಲಿ, ಪಾಠ ಮೊದಲು.

ಐದು ಮಂಕರಿ ತರಿಸಿ, ಸಣ್ಣ ಬುಟ್ಟಿಗಳಾದರೆ ಸಾಕು. ಎಲ್ಲದರೊಳಗೂ ಅಷ್ಟಷ್ಟೇ ಹುಣಸೆಬೀಜ ಹಾಕಿ ಮೇಲೆ ಬಟ್ಟೆ ಮುಚ್ಚಿ. ಒಂದು ಮಂಕರಿಯೊಳಗೆ ಎಷ್ಟಿದೆಯೋ ಗೊತ್ತಿಲ್ಲ, ಅದಕ್ಕೇ ಎಕ್ಸ್ ಎಂಬ ಹೆಸರು. ಐದು ಮಂಕರಿ ಸೇರಿದರೆ ಐದು ಎಕ್ಸ್. ಈಗ ಬಟ್ಟೆ ತೆಗೆಯಿರಿ. ಒಂದೊಂದರಲ್ಲೂ ಮೂರು ಮೂರು ಬೀಜ. ಎಲ್ಲ ಸೇರಿಸಿ ಎಣಿಸಿದರೆ ಹದಿನೈದು. 5 ಮತ್ತು x ನಡುವೆ ಗುಣಿಸುವ ಗುರುತು ಇದ್ದೇ ಇರುತ್ತದೆ, ಬರೆಯುವುದಿಲ್ಲ ಅಷ್ಟೇ. ನೀವು ಹೋಗಿದೆ ಎಂದಿರಲ್ಲ, ಅದು ಇದೇ.

ಬೋರ್ಡಿನ ಮೇಲೆ ಮಾಡುವಾಗ ಎಕ್ಸನ್ನು ಒರೆಸಿದ ತಕ್ಷಣ ಬೆಲೆ ಬರೆಯಬೇಡಿ. ಮೊದಲು ಅಲ್ಲಿ ಖಾಲಿ ಬ್ರಾಕೆಟ್ ಹಾಕಿ: 5(  ). ಆಮೇಲೆ ಒಳಗೆ ಬೆಲೆ ಇಡಿ: 5(3). ಬ್ರಾಕೆಟ್ ಇದ್ದರೆ ಐದು ಮೂರು ಅಂಟಿಕೊಂಡು ಐವತ್ಮೂರಾಗುವುದಿಲ್ಲ. ನನ್ನ ಮಕ್ಕಳು ಇದರಿಂದಲೇ ದಡ ಸೇರಿದ್ದಾರೆ.

ಮೆಡಿಕಲ್ ರಜೆ ಹಾಕಿ ಎಂದು ಹೇಳಬೇಕೆಂದಿದೆ. ಕೇಳುವವರಲ್ಲ. ಊಟಕ್ಕೆ ಏನು ಮಾಡುತ್ತೀರಿ? ಉಪ್ಪು ಕಡಿಮೆ ಮಾಡಿ. ನಾನು ಅಣ್ಣನ ಮನೆಯ ಮಹಡಿ ಮೇಲೆ ಇದ್ದೇನೆ. ಕೆಳಗೆ ಮಗ್ಗಗಳು, ಬೆಳಗಿನಿಂದ ಸಂಜೆಯವರೆಗೆ ಸದ್ದು. ನೀವು ಬಾ ಎಂದಿಲ್ಲ, ಆದ್ದರಿಂದ ಬರುವುದಿಲ್ಲ.

ಇಂತಿ,
ಬನಶಂಕರಮ್ಮ

ಮತ್ತೆ: ಆ ಹುಣಸೆಬೀಜಗಳನ್ನು ಬಲಗೈಯಲ್ಲೇ ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕಿ. ಬೆರಳು ಸರಿಯಾಗುತ್ತದೆ.


ಕಲ್ಯಾಣದುರ್ಗ
2-8-1987

ಸೌಭಾಗ್ಯವತಿ ಬನಶಂಕರಿಗೆ ಆಶೀರ್ವಾದಗಳು.

ನಿನ್ನ ಮಂಕರಿ ಪಾಠ ನಡೆಯಿತು. ನರಸಕ್ಕ ಸಂತೆಯಿಂದ ಹೊತ್ತು ತಂದು, "ಏನ್ ಮೇಷ್ಟ್ರೇ, ಕೆಲ್ಸ ಬಿಟ್ಟು ಯಾಪಾರ ಮಾಡ್ತೀರಾ?" ಎಂದು ನಕ್ಕಳು. ಕ್ಲಾಸಿನಲ್ಲಿ ಬಟ್ಟೆ ಮುಚ್ಚಿಟ್ಟು, ಒಳಗೆ ಎಷ್ಟಿದೆ ಎಂದೆ. ಗೊತ್ತಿಲ್ಲ ಎಂದರು. ಗೊತ್ತಿಲ್ಲದ್ದಕ್ಕೇ ಎಕ್ಸ್ ಎನ್ನುವುದು ಎಂದೆ. ಬಟ್ಟೆ ತೆಗೆದಾಗ ಎಲ್ಲರೂ ಒಂದೇ ಸಲ ಹದಿನೈದು ಎಂದು ಕೂಗಿದರು. ನಾನೂ ಅವರ ಜೊತೆಗೇ ತಿಳಿದುಕೊಂಡೆ. ಅವರಿಗೆ ಅದು ಗೊತ್ತಾಗಲಿಲ್ಲ.

ಪೋಲಮ್ಮ ಮುಂದಿನ ಸಾಲಿಗೆ ಬಂದು ಕೂರುತ್ತಾಳೆ. "ಹೋದೊರ್ಸ ನೀವು ಹೊಡೀತಿದ್ರಲ್ಲ ಸಾ, ಬೆತ್ತ ನೋಡ್ಕಂಡು ಕೂತಿದ್ದೆ, ಬೋರ್ಡ್ ನೋಡ್ಲೇ ಇಲ್ಲ" ಎಂದಳು. ಬೆತ್ತ ಈಗ ಮನೆಯಲ್ಲೇ ಇದೆ. ತಂದರೂ ಕೈ ಹಿಡಿಯುವುದಿಲ್ಲ.

ಈಗ ಮೈನಸ್ ಬಂದಿದೆ. ಆ ಗೆರೆ ನನಗೆ ನಿಲ್ಲುವುದಿಲ್ಲ. ಒಮ್ಮೆ ನೋಡಿದರೆ ಕಳೆ ಎನ್ನುತ್ತದೆ, ಇನ್ನೊಮ್ಮೆ ನೋಡಿದರೆ ಸಂಖ್ಯೆಗೆ ಅಂಟಿಕೊಂಡು ಕೂತಿರುತ್ತದೆ. ನಿನ್ನೆ ಆ ದಿನದ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ಎಂಟು ವರ್ಷದ ಹಿಂದೆ ಇದೇ ಸ್ಕೂಲಿನಲ್ಲಿ, ನಿನ್ನ ಕ್ಲಾಸಿನದು. x ಬೆಲೆ −3 ಆದರೆ −x² ಎಷ್ಟು. ನೀನು −9 ಎಂದು ಬರೆದಿದ್ದೆ. ನಾನು ಒಳಗೆ ಬಂದು ಅದನ್ನು ಒರೆಸಿ 9 ಎಂದು ಬರೆದೆ. ಸಂಜೆಯವರೆಗೆ ಕೂತರೂ ಯಾವುದು ಸರಿ ಎಂದು ನನಗೀಗ ತಿಳಿಯುತ್ತಿಲ್ಲ. ನೀನೇ ಹೇಳು.

ಇಂತಿ,
ವೆಂಕಟರಾಯಪ್ಪ

ಮತ್ತೆ: ಬೀಜ ಎತ್ತುತ್ತಿದ್ದೇನೆ. ಕೆಳಗೆ ಬೀಳುತ್ತವೆ.


ಹಿಂದೂಪುರ
7-8-1987

ಮೇಷ್ಟ್ರಿಗೆ ನಮಸ್ಕಾರಗಳು.

ಮೈನಸ್ ಒಂಬತ್ತು. ಇವತ್ತೂ ಅಷ್ಟೇ, ಆ ದಿನವೂ ಅಷ್ಟೇ.

−x² ಎಂದರೆ ವರ್ಗವಾಗುವುದು ಎಕ್ಸ್ ಮಾತ್ರ. ಅದರ ಮುಂದಿನ ಮೈನಸ್ ಬಾಗಿಲ ಹೊರಗೆ ನಿಂತು ಕಾಯುತ್ತಿರುತ್ತದೆ. ಖಾಲಿ ಬ್ರಾಕೆಟ್ ಹಾಕಿ, −(  )². ಒಳಗೆ −3 ಇಡಿ. ಒಳಗಿನ ಕೆಲಸ ಮೊದಲು: ಮೈನಸ್ ಮೂರನ್ನು ಮೈನಸ್ ಮೂರರಿಂದ ಗುಣಿಸಿದರೆ ಒಂಬತ್ತು. ಅದು ಮುಗಿದ ಮೇಲೆ ಹೊರಗೆ ನಿಂತಿದ್ದ ಮೈನಸ್ ಸೇರಿಕೊಳ್ಳುತ್ತದೆ. ಎರಡು ಮೈನಸ್ ಕಂಡ ಕೂಡಲೇ ಪ್ಲಸ್ ಎಂದು ನೀವು ಆತುರಪಟ್ಟಿರಿ. ಅಷ್ಟೇ ಆದದ್ದು.

ಅಷ್ಟೇ ಆಗಿದ್ದರೆ ನಾನು ಊರು ಬಿಡುತ್ತಿರಲಿಲ್ಲ. ಮಕ್ಕಳ ಕಡೆ ತಿರುಗಿ, "ಈಯಮ್ಮನಿಗೆ ಲೆಕ್ಕ ಕಲಿಸಿದ್ದೇ ನಾನು, ಅರ್ಧಂಬರ್ಧ ಕಲಿತವಳೆ" ಎಂದಿರಿ. ಮಕ್ಕಳು ನಕ್ಕರು. ನೀವು ನನಗೆ ಕಲಿಸಿದ್ದು ನಿಜ. ಮದುವೆಯಾದ ಹೊಸದರಲ್ಲಿ ಮುದ್ದೆ ತಿರುವುತ್ತಿದ್ದವಳನ್ನು ಕೂರಿಸಿಕೊಂಡು, ಟ್ರೈನಿಂಗ್ ಪರೀಕ್ಷೆಗೆ ಕಟ್ಟಿಸಿದವರು ನೀವೇ. ಅದಕ್ಕೇ ಕಾದೆ. ಸಂಜೆಯ ಹೊತ್ತಿಗೆ ನಿಮಗೇ ತಿಳಿಯುತ್ತದೆ, ಒಂದು ಮಾತು ಹೇಳುತ್ತೀರಿ ಎಂದುಕೊಂಡೆ. ಊಟಕ್ಕೆ ಬಡಿಸು ಎಂದಿರಿ, ಚಾಪೆ ಹಾಸು ಎಂದಿರಿ, ಅದೊಂದು ಹೇಳಲಿಲ್ಲ. ಅದೇ ತಿಂಗಳು ಟ್ರಾನ್ಸ್‌ಫರಿಗೆ ಬರೆದುಕೊಂಡೆ.

ಈಗ ಕೇಳಿದಿರಿ. ಕೇಳಿದ್ದು ನೀವಲ್ಲ, ನಿಮ್ಮ ಕಾಯಿಲೆ ಎಂದು ನನಗೆ ತಿಳಿಯುತ್ತದೆ. ಆದರೂ ಕಾಗದ ಓದಿ ಕೆಳಗೆ ಮಗ್ಗದ ಕೋಣೆಗೆ ಹೋಗಿ ಅತ್ತೆ. ಅಲ್ಲಿ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ.

ಇನ್‌ಸ್ಪೆಕ್ಟರ್ ಹೆಚ್ಚೆಂದರೆ ಇಂಥದೊಂದು ಕೇಳಬಹುದು: x = −2 ಆದರೆ 3x² − 4x + 1 ಎಷ್ಟು? ಬ್ರಾಕೆಟ್ ಹಾಕಿ. 3(−2)² ಎಂದರೆ ಹನ್ನೆರಡು. ಆಮೇಲಿನದು −4(−2), ಅಂದರೆ ಪ್ಲಸ್ ಎಂಟು. ಕೊನೆಗೆ ಒಂದು. ಒಟ್ಟು ಇಪ್ಪತ್ತೊಂದು. ದಿನಾ ಬೆಳಿಗ್ಗೆ ಒಮ್ಮೆ ಬರೆಯಿರಿ.

ದಸರೆ ರಜೆಗೆ ನಾನು ಬರುತ್ತೇನೆ. ನೀವು ಬಾ ಎನ್ನುವವರೆಗೆ ಕಾಯುವುದಿಲ್ಲ.

ಇಂತಿ,
ಬನಶಂಕರಿ

ಮತ್ತೆ: ಬಿದ್ದ ಬೀಜ ಬೀಳಲಿ. ಎತ್ತುವುದನ್ನು ಬಿಡಬೇಡಿ.


ಕಲ್ಯಾಣದುರ್ಗ
9-9-1987

ಬನಶಂಕರಿಗೆ,

ಇನ್‌ಸ್ಪೆಕ್ಷನ್ ಆಯಿತು. ಚೆನ್ನಾಗಿ ಆಯಿತು. ಇಪ್ಪತ್ತೊಂದು ಬಂತು. ಇನ್‌ಸ್ಪೆಕ್ಟರ್ ಕೈ ಕುಲುಕಿದರು. ಹೀಗೆ ಹೇಳಿಕೊಡುವವರು ಕಡಿಮೆ ಎಂದರು.

ದಸರೆಗೆ ಬರಬೇಡ. ಸ್ಕೂಲಿನಲ್ಲಿ ಕೆಲಸ ಜಾಸ್ತಿ. ರಜೆಯಲ್ಲೂ ಕ್ಲಾಸ್ ಇದೆ. ನಿನಗೆ ಬೇಜಾರು. ಬಸ್ಸು ದೂರ.

ಪಾಠ ಕಳಿಸುತ್ತಿರು. ವಾರ ವಾರ ಕಳಿಸು. ಸುಲಭದ್ದು.

ವೆಂಕಟರಾಯಪ್ಪ

ಮತ್ತೆ: ಗುಣಿಸುವುದು ಹೇಗೆಂದು ಒಂದು ಸಲ ಬರೆ. ನಾನು ಮರೆತಿಲ್ಲ. ಮಕ್ಕಳು ಕೇಳುತ್ತಾರೆ.


ಕಲ್ಯಾಣದುರ್ಗ
30-11-1987

ಬನಶಂಕರಮ್ಮನೋರಿಗೆ ನರಸಕ್ಕ ಮಾಡೋ ನಮಸ್ಕಾರ.

ನಾನು ಓದಿರೋದು ಕಮ್ಮಿ ಕಣಮ್ಮ, ಮಾತಾಡ್ದಂಗೆ ಬರೀತೀನಿ, ತಪ್ಪು ತಿಳ್ಕಬೇಡಿ. ಮೇಷ್ಟ್ರು ನಿಮಗೆ ಇನ್‌ಸ್ಪೆಕ್ಷನ್ ಚೆನ್ನಾಗಾಯ್ತು ಅಂತ ಬರ್ದವ್ರೆ. ಆ ಕಾಗದ ಡಬ್ಬಕ್ಕೆ ಹಾಕಿದ್ದು ನಾನೇ. ಅದು ಸುಳ್ಳು.

ಪೋಲಮ್ಮ ಅಂತ ಹುಡುಗಿ, ಅವಳೇ ಬಂದು ಅಳ್ತಾ ಹೇಳಿದ್ಲು. ಇನ್‌ಸ್ಪೆಕ್ಟ್ರು ಒಂದು ಲೆಕ್ಕ ಕೊಟ್ಟು, ಮಕ್ಕಳಿಗೆ ಮಾಡಿ ತೋರ್ಸಿ ಅಂದ್ರಂತೆ. ಇವ್ರು ಬೋರ್ಡಿನ ತಾವ ಹೋಗಿ ಬ್ರಾಕೆಟ್ ಹಾಕಿದ್ರಂತೆ. ಖಾಲಿ ಬ್ರಾಕೆಟ್. ಆಮೇಲೆ ಇನ್ನೊಂದು, ಇನ್ನೊಂದು. ಬೋರ್ಡ್ ತುಂಬೋಗೋವರ್ಗೂ ಹಾಕಿದ್ರಂತೆ, ಒಳಗೆ ಏನೂ ಬರೀಲಿಲ್ವಂತೆ. ಈ ಹುಡುಗಿ ತಡೀಲಾರ್ದೆ ಎದ್ದು ನಿಂತು, "ಇಪ್ಪತ್ತೊಂದು ಸಾ" ಅಂತ ಕೂಗಿದ್ಲಂತೆ. ಆ ಲೆಕ್ಕಕ್ಕೆ ಉತ್ತರ ಅದಲ್ವಂತೆ ಕಣಮ್ಮ. ಮೇಷ್ಟ್ರು ದಿನಾ ಬಾಯಲ್ಲಿ ಇಪ್ಪತ್ತೊಂದು ಇಪ್ಪತ್ತೊಂದು ಅಂತಿದ್ರು, ಅದ್ನೇ ಅಂದ್ಬುಟ್ಟವ್ಳೆ. ಇನ್‌ಸ್ಪೆಕ್ಟ್ರು ಕೆಟ್ಟೋರಲ್ಲ. ಇವ್ರ ಭುಜ ಹಿಡ್ದು, "ಚಾಲು ಮಾಸ್ಟಾರು, ಕೂರ್ಚೋಂಡಿ" ಅಂತ, ಸಾಕು ಕೂತ್ಕಳಿ ಅಂತ ತೆಲುಗಲ್ಲಿ ಹೇಳಿ, ಕುರ್ಚಿ ಮೇಲೆ ಕೂರ್ಸಿದ್ರಂತೆ.

ಆಮೇಲೆ ಅನಂತಪುರಕ್ಕೆ ಕರ್ಕಂಡೋಗಿ ಡಾಕ್ಟ್ರಿಗೆ ತೋರ್ಸಿದ್ರು. ಕೆಲ್ಸಕ್ಕೆ ಆಗಲ್ಲ ಅಂತ ಕಾಗದ ಬಂತು. ಬಂದ್ರೂ ಇವ್ರು ಬಿಡ್ಲಿಲ್ಲ. ಬೆಳಿಗ್ಗೆ ಇಸ್ತ್ರಿ ಶರ್ಟ್ ಹಾಕ್ಕಂಡು, ಬ್ಯಾಗ್ ತಗಂಡು, ಸ್ಕೂಲಿನ ಗೇಟ್ ತಾವ ನಿಂತ್ಕಳೋರು. ಬೆಲ್ ಹೊಡೆದ್ಮೇಲೆ ವಾಪಸ್ ಬರೋರು. ಹೆಡ್‌ಮಾಷ್ಟ್ರು ಕದಿರಪ್ಪ ಒಂದಿನ ಒಳಗೆ ಕರ್ದು ಟೀ ಕೊಟ್ಟ. ಇನ್ನೊಂದಿನ ಅವ್ನೂ ನೋಡ್ದೇ ಇರೋನಂಗೆ ಹೋದ.

ದೀಪಾವಳಿ ಆದ್ಮೇಲೆ ಇನ್ನೊಂದು ಸಲ ಲಕ್ವ ಹೊಡೀತು. ಓಡಾಡ್ತಾರೆ, ಉಣ್ತಾರೆ, ಮಾತೂ ಆಡ್ತಾರೆ. ಆದ್ರೆ ಮುಖ ತಿಳಿಯಲ್ಲ. ಓದಕ್ಕಂತೂ ಆಗಲ್ಲ. ನನ್ನ ಒಂದಿನ ಅಮ್ಮ ಅಂತಾರೆ, ಒಂದಿನ ನೀರು ತರೋಳು ಅಂತಾರೆ. ನಿಮ್ಮ ಕಾಗದ ಬಂದ್ರೆ ಮಾತ್ರ ಕೈಲಿಡ್ಕಂಡು ನನ್ನ ಹುಡುಕ್ತಾರೆ. ನಾನೇ ಓದಿ ಹೇಳ್ತೀನಿ. ನೀವು ಗುಣಿಸೋದು ಬರೆದ್ರಿ, ಆಮೇಲೆ ಕೂಡೋದು ಬರೆದ್ರಿ. ವಾರ ವಾರ ಪಾಠ ಸಣ್ಣದಾಯ್ತಾ ಬಂತು. ನಿಮಗೂ ಅನುಮಾನ ಬಂದದೆ ಅಂತ ನನಗೆ ಗೊತ್ತು.

ಒಂದು ಸಲ ಬಂದು ನೋಡ್ಕಂಡು ಹೋಗಿ ಕಣಮ್ಮ.

ನರಸಕ್ಕ

ಮತ್ತೆ: ಪೋಲಮ್ಮನಿಗೆ ಸ್ಕೂಲ್ ಬಿಡ್ಸವ್ರೆ. ಆ ದಿನ ತಾನು ತಪ್ಪು ಹೇಳಿದ್ಕೇ ಮೇಷ್ಟ್ರ ಕೆಲ್ಸ ಹೋಯ್ತು ಅಂತ ಆ ಮಗು ಅಂದ್ಕಂಡು ಕೂತವ್ಳೆ. ಅಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲ್ಲ.


ಹಿಂದೂಪುರ
18-1-1988

ಮೇಷ್ಟ್ರಿಗೆ ನಮಸ್ಕಾರಗಳು.

ಸಂಕ್ರಾಂತಿ ಆಯಿತು. ಇಲ್ಲಿ ಹೊಸ ಹುಣಸೆಹಣ್ಣು ಬರಲು ಇನ್ನೂ ಸ್ವಲ್ಪ ದಿನ. ವ್ಯಾಪಾರಿಗಳು ಅಂಗಡಿ ಗುಡಿಸಿ ಜಾಗ ಮಾಡುತ್ತಿದ್ದಾರೆ. ಅಣ್ಣ ಹೊಸ ಮಗ್ಗ ಹೂಡಿಸಿದ್ದಾನೆ. ಅದರ ಸದ್ದೇ ಬೇರೆ, ಇನ್ನೂ ಒಗ್ಗಿಲ್ಲ. ನಾನು ಚೆನ್ನಾಗಿದ್ದೇನೆ.

ಈ ವಾರ ಕೂಡುವುದು ಬೇಡ, ಕಳೆಯುವುದೂ ಬೇಡ. ಎಣಿಸಿದರೆ ಸಾಕು. ಬೆಳಿಗ್ಗೆ ಬಿಸಿಲು ಬಂದ ಮೇಲೆ ಜಗಲಿ ಮೇಲೆ ಕೂತುಕೊಳ್ಳಿ. ನರಸಕ್ಕ ಅಕ್ಕಿ ನುಚ್ಚು ಚೆಲ್ಲಿದರೆ ಗುಬ್ಬಿ ಬರುತ್ತವೆ. ಎಷ್ಟು ಬಂದವು ಎಂದು ಎಣಿಸಿ. ನಡುವೆ ಹಾರಿಹೋದರೆ ಬೇಸರ ಮಾಡಿಕೊಳ್ಳಬೇಡಿ, ಮತ್ತೆ ಒಂದರಿಂದ ಶುರು ಮಾಡಿ. ತಪ್ಪಾದರೆ ಯಾರೂ ಏನೂ ಅನ್ನುವುದಿಲ್ಲ.

ನೀವು ಕಲಿಸಿದ್ದರಿಂದ ನಾನು ಇಷ್ಟು ಮಕ್ಕಳಿಗೆ ಕಲಿಸಿದೆ. ಇದನ್ನು ಮೊದಲೇ ಬರೆಯಬೇಕಿತ್ತು, ಆಗ ಸಿಟ್ಟಿತ್ತು. ಈಗ ಇಲ್ಲ.

ಮುದ್ದೆ ಬಿಸಿಯಾಗಿದ್ದಾಗಲೇ ಉಣ್ಣಿ. ಸಂಜೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ, ಚಳಿ ಇದೆ.

ನಿಮ್ಮ
ಬನಶಂಕರಿ

ಮತ್ತೆ: ನರಸಕ್ಕ, ಇಲ್ಲಿಂದ ಮುಂದಿನದು ನಿನಗೆ. ಅವರಿಗೆ ಓದಿ ಹೇಳಬೇಡ.

ಹೋದ ಭಾನುವಾರ ನೀನು ಬೆಳುಗುಪ್ಪಕ್ಕೆ ಮದುವೆಗೆ ಹೋಗಿದ್ದಾಗ ಯಾರೋ ಹೆಂಗಸು ಬಂದು ಹೋದಳೆಂದು ಪಕ್ಕದವರು ಹೇಳಿರಬಹುದು. ಅದು ನಾನೇ. ಬರಬೇಡ ಎಂದು ಅವರು ಬರೆದದ್ದಕ್ಕೆ ದಸರೆಗೆ ಬರಲಿಲ್ಲ; ನಿನ್ನ ಕಾಗದ ಬಂದ ಮೇಲೂ ಹೊರಡಲು ಧೈರ್ಯ ಸಾಲದೆ ಇಷ್ಟು ದಿನ ಕಳೆದೆ. ಕೊನೆಗೆ ಪಾವಗಡದ ಮೇಲಿನ ಬಸ್ಸು ಹಿಡಿದು ಬಂದೆ. ಮೇಷ್ಟ್ರು ಜಗಲಿ ಮೇಲೆ ಕೂತಿದ್ದರು. ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಎದ್ದು ನಿಂತು, "ಬನ್ನಿ ಅಮ್ಮ, ಕೂತ್ಕಳಿ. ಮಗು ಯಾವ ಕ್ಲಾಸು?" ಎಂದರು.

ಎಂಟು ವರ್ಷದಲ್ಲಿ ನನ್ನ ತಲೆ ನರೆತಿದೆ, ಕನ್ನಡಕ ಬಂದಿದೆ. ಅದಕ್ಕೇ ಇರಬೇಕೆಂದು ಕನ್ನಡಕ ತೆಗೆದು ಎದುರಿಗೆ ನಿಂತೆ. ಅವರು ಉತ್ತರಕ್ಕೆ ಕಾಯುತ್ತಲೇ ಇದ್ದರು. ಏಳನೇ ಕ್ಲಾಸು ಎಂದೆ. ಲೆಕ್ಕ ಬರುತ್ತದೆಯೇ ಎಂದರು. ಬರುವುದಿಲ್ಲ ಎಂದೆ.

ಒಳಗೆ ಹೋಗಿ ನನ್ನ ಕಾಗದಗಳನ್ನೆಲ್ಲ ತಂದು ಜಗಲಿ ಮೇಲೆ ಹರಡಿದರು. ಒಂದನ್ನು ತಲೆಕೆಳಗಾಗಿ ಹಿಡಿದುಕೊಂಡು, "ನಮ್ಮ ಮನೆಯೋರು ಹಿಂದೂಪುರದಾಗೆ ಲೆಕ್ಕದ ಟೀಚರು. ವಾರ ವಾರ ಬರೀತಾರೆ. ನನಗಿಂತ ಚೆನ್ನಾಗಿ ಹೇಳ್ಕೊಡ್ತಾರೆ ಕಣಮ್ಮ, ನಿಮ್ಮ ಮಗೂನ ಅವ್ರ ತಾವ ಸೇರ್ಸ್‌ಬುಡಿ" ಎಂದರು.

ನಾನೇ ಅವಳು ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲವೇನೋ. ನಂಬದೆ, ಆ ಕಾಗದಗಳ ಮೇಲಿನ ನಂಬಿಕೆಯೂ ಹೋಗಿಬಿಟ್ಟರೆ ಎಂದು ಹೆದರಿಕೆಯಾಯಿತು. ಆಗಲಿ ಎಂದು ಹೇಳಿ, ಶರ್ಟಿನ ಗುಂಡಿಗಳನ್ನು ಸರಿಯಾಗಿ ಹಾಕಿಕೊಟ್ಟು, ಅದೇ ಬಸ್ಸಿಗೆ ಹಿಂದಿರುಗಿದೆ. ಗುಂಡಿ ಹಾಕುವಾಗ ಸಂಕೋಚದಿಂದ ಮುಖ ಆ ಕಡೆ ತಿರುಗಿಸಿಕೊಂಡಿದ್ದರು.

ಸ್ಕೂಲಿಗೆ ರಜೆ ಬರೆದುಕೊಟ್ಟಿದ್ದೇನೆ. ಬರುವ ಸೋಮವಾರ ಪೆಟ್ಟಿಗೆಯೊಂದಿಗೆ ಬರುತ್ತೇನೆ. ಪೋಲಮ್ಮ ಇರುವ ಊರನ್ನು ವಿಚಾರಿಸಿಡು, ಅವಳ ಹತ್ತಿರ ನಾನೇ ಹೋಗಿ ಮಾತಾಡಬೇಕು. ಮೇಷ್ಟ್ರು ನನ್ನನ್ನು ಯಾರೆಂದು ಕೇಳಿದರೆ ಅಡುಗೆಗೆ ಬಂದವಳು ಎನ್ನು. ಕಾಗದ ಬರಲಿಲ್ಲವೇ ಎಂದು ಕೇಳಿದರೆ ಬರುತ್ತದೆ ಎನ್ನು. ನಾನು ಒಳಗೆ ಕೂತು ಬರೆದು, ಅಂಚೆಯವನ ಕೈಗೇ ಕೊಡುತ್ತೇನೆ.